ಗುರು ಮುಂದೆ ನಡೆದ, ಸಂವತ್ಸರ ಹಿಂದೆ ಉಳಿಯಿತು

ಕಿತ್ತೂರಿನ ಕೋಟೆ ನೋಡಲು ಹೋದವರಿಗೆ ಊರವರು ತಪ್ಪದೆ ತೋರಿಸುವ ಒಂದು ಜಾಗವಿದೆ. ಪಾಳುಬಿದ್ದ ಅರಮನೆಯ ಗೋಡೆಯಲ್ಲಿ ಒಂದು ದುಂಡನೆಯ ಕಿಂಡಿ. ರಾತ್ರಿ ಹೊತ್ತು ಅದಕ್ಕೆ ಕಣ್ಣು ಹಚ್ಚಿದರೆ ಧ್ರುವ ನಕ್ಷತ್ರ ಕಾಣುತ್ತದೆ ಎನ್ನುತ್ತಾರೆ. ಕಿತ್ತೂರು ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹದಿನೈದೂವರೆ ಡಿಗ್ರಿಯಲ್ಲಿ. ಅಲ್ಲಿಂದ ನೋಡುವವರಿಗೆ ಧ್ರುವ ಕಾಣುವುದೂ ಉತ್ತರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಸಂಜೆ ನೋಡಿದರೂ ಅಲ್ಲೇ, ಬೆಳಗಿನ ಜಾವ ನೋಡಿದರೂ ಅಲ್ಲೇ. ಕಲ್ಲಿನ ಗೋಡೆಯಲ್ಲಿ ಕಿಂಡಿ ಕೊರೆದು ಒಂದು ನಕ್ಷತ್ರವನ್ನು ಹಿಡಿದಿಡಲು ಸಾಧ್ಯವಾದದ್ದು ಅದು ಅಲುಗದ ನಕ್ಷತ್ರವಾದ್ದರಿಂದ.

ಗುರುವಿಗಾಗಲಿ, ಮಂಗಳನಿಗಾಗಲಿ ಇಂಥ ಕಿಂಡಿ ಕೊರೆಯಲಾಗದು. ಈ ತಿಂಗಳು ಒಂದು ನಕ್ಷತ್ರದ ಬಳಿ ಇದ್ದ ಗ್ರಹ ಬರುವ ತಿಂಗಳು ಅದನ್ನು ದಾಟಿರುತ್ತದೆ. ಕೆಲವೊಮ್ಮೆ ದಾರಿಯಲ್ಲೇ ನಿಂತು, ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಹೀಗೆ ಅಲೆಯುವ ಗ್ರಹವನ್ನು ಹಿಡಿದಿಡಲು ನಮ್ಮ ಹಿರಿಯರು ಕಿಂಡಿ ಕೊರೆಯಲಿಲ್ಲ, ವರ್ಷಗಳಿಗೆ ಹೆಸರಿಟ್ಟರು. ಯುಗಾದಿಯ ದಿನ ಪಂಚಾಂಗ ಓದಿಸುವಾಗ ಮೊದಲು ಕೇಳಿಬರುವ ಸಂವತ್ಸರದ ಹೆಸರು ಮೂಲದಲ್ಲಿ ಗುರುಗ್ರಹದ ವಿಳಾಸ.

ಆ ವಿಳಾಸ ಈಗ ಹಳೆಯದಾಗಿದೆ. ಗುರು ಆ ಮನೆಯಲ್ಲಿಲ್ಲ. ಹೆಸರು ಮತ್ತು ಗ್ರಹ ಎಂದು, ಹೇಗೆ ಬೇರೆಯಾದವು ಎಂಬುದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ಕಿತ್ತೂರಿನಿಂದ ಬೈಲಹೊಂಗಲದ ಮೇಲೆ ಹಾಯ್ದು ಸವದತ್ತಿಗೆ ಹೋದರೆ ಸಾಕು. ಅಲ್ಲಿಯ ರಟ್ಟ ಅರಸರ ಶಾಸನಗಳ ಕಾಲ ಈ ಅಗಲಿಕೆಯ ಎರಡೂ ಬದಿಗೆ ಹರಡಿಕೊಂಡಿದೆ.

ಹಿಂದೆ ಸರಿಯುವ ಗ್ರಹ

ಮೊದಲು ಆಕಾಶದ ವಿಷಯ. ಹೆಚ್ಚಿನ ನಕ್ಷತ್ರಗಳಂತೆ ಗ್ರಹಗಳೂ ಪ್ರತಿ ರಾತ್ರಿ ಪೂರ್ವದಲ್ಲಿ ಮೂಡಿ ಪಶ್ಚಿಮದಲ್ಲಿ ಮುಳುಗುತ್ತವೆ. ಅದು ಭೂಮಿ ತನ್ನ ಸುತ್ತ ತಿರುಗುವುದರಿಂದ ಕಾಣುವ ಓಟ. ಗ್ರಹದ ಸ್ವಂತ ನಡೆ ತಿಳಿಯಬೇಕಾದರೆ ಅದರ ಹಿಂದಿರುವ ನಕ್ಷತ್ರಗಳನ್ನು ಗುರುತಿಟ್ಟುಕೊಂಡು ವಾರಕ್ಕೊಮ್ಮೆಯಾದರೂ ನೋಡಬೇಕು. ಆಗ ಗ್ರಹ ನಕ್ಷತ್ರಗಳ ನಡುವೆ ಪಶ್ಚಿಮದಿಂದ ಪೂರ್ವಕ್ಕೆ ನಿಧಾನವಾಗಿ ಸಾಗುವುದು ಕಾಣುತ್ತದೆ. ಇದು ನೇರ ನಡೆ. ವರ್ಷದಲ್ಲಿ ಕೆಲವು ಕಾಲ ಈ ನಡೆ ಕುಂಟುತ್ತದೆ, ನಿಲ್ಲುತ್ತದೆ, ಹಿಂದೆ ತಿರುಗುತ್ತದೆ. ಪಂಚಾಂಗದವರು ಇದನ್ನು ವಕ್ರಗತಿ ಎನ್ನುತ್ತಾರೆ.

ಇದನ್ನು ನೋಡಲು ಯಂತ್ರ ಬೇಡ. ಬೈಲಹೊಂಗಲದ ಎರೆ ಹೊಲದಂತೆ ನಾಲ್ಕೂ ದಿಕ್ಕು ಬಯಲಾದ ಜಾಗ, ಇಲ್ಲವೆ ರಾಮದುರ್ಗದ ಕಲ್ಲುಗುಡ್ಡಗಳಂತೆ ಊರ ದೀಪಗಳಿಂದ ದೂರವಾದ ಎತ್ತರ ಸಿಕ್ಕರೆ ಸಾಕು. 2025ರ ಜನವರಿ 13ರಂದು ಬನದ ಹುಣ್ಣಿಮೆ. ಅಂದು ರಾತ್ರಿ ಚಂದ್ರನ ಹತ್ತಿರದಲ್ಲೇ ಮಂಗಳ ಕೆಂಪಗೆ ಹೊಳೆಯುತ್ತಿತ್ತು. ಡಿಸೆಂಬರಿನಲ್ಲಿ ಪುಷ್ಯದ ಕಡೆಗಿದ್ದ ಮಂಗಳ ಅಷ್ಟರಲ್ಲಿ ಹಿಂದೆ ಸರಿಯುತ್ತ ಪುನರ್ವಸುವಿನ ಜೋಡಿ ನಕ್ಷತ್ರಗಳತ್ತ ಬಂದಿತ್ತು. ಫೆಬ್ರುವರಿ ಕೊನೆಯ ವಾರದಲ್ಲಿ ಅದು ನಿಂತು, ತಿರುಗಿ, ಮತ್ತೆ ಪೂರ್ವದ ದಾರಿ ಹಿಡಿಯಿತು. ಮರುವರ್ಷದ ಬನದ ಹುಣ್ಣಿಮೆ ಬಿದ್ದದ್ದು 2026ರ ಜನವರಿ 3ರಂದು. ಆಗ ಚಂದ್ರನ ಜೊತೆಗಿದ್ದದ್ದು ಗುರು. ಅದೂ ವಕ್ರಗತಿಯಲ್ಲೇ ಇತ್ತು.

ಎರಡು ಸಲವೂ ಹುಣ್ಣಿಮೆ ಚಂದ್ರನ ಪಕ್ಕದ ಗ್ರಹ ವಕ್ರಗತಿಯಲ್ಲಿದ್ದುದು ಆಕಸ್ಮಿಕವಲ್ಲ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಾನೆ. ಮಂಗಳ, ಗುರು, ಶನಿ ಈ ಮೂರರಲ್ಲಿ ಯಾವುದೇ ಗ್ರಹ ಹಾಗೆ ಸೂರ್ಯನಿಗೆ ಎದುರಾಗಿ ಮೂಡುವ ದಿನಗಳಲ್ಲಿ ವಕ್ರಗತಿಯಲ್ಲೇ ಇರುತ್ತದೆ. ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಗೆ ಹೋಗುವವರು ನೆನಪಿಟ್ಟುಕೊಳ್ಳಬಹುದಾದ ಸುಲಭದ ಗುರುತು ಇದು.

ಕಾರಣವನ್ನೂ ಆ ಜಾತ್ರೆಯ ದಾರಿಯಲ್ಲೇ ತಿಳಿಯಬಹುದು. ಎರಡು ಚಕ್ಕಡಿಗಳು ಗುಡ್ಡಕ್ಕೆ ಹೊರಟಿವೆ. ಹಿಂದಿನದಕ್ಕೆ ಜೋರಿನ ಎತ್ತು, ಮುಂದಿನದಕ್ಕೆ ಸಾವಕಾಶದವು. ಜೋರಿನ ಚಕ್ಕಡಿ ಪಕ್ಕದಿಂದ ದಾಟಿ ಮುಂದೆ ಹೋಗುವ ಕ್ಷಣದಲ್ಲಿ ಅದರಲ್ಲಿ ಕುಳಿತ ಹುಡುಗ ನೋಡಿದರೆ, ದೂರದ ಗುಡ್ಡದ ಹಿನ್ನೆಲೆಯಲ್ಲಿ ಸಾವಕಾಶದ ಚಕ್ಕಡಿ ಹಿಂದಕ್ಕೆ ಜಾರಿದಂತೆ ಕಾಣುತ್ತದೆ. ಅದರ ಎತ್ತುಗಳು ಮುಂದೆಯೇ ನಡೆಯುತ್ತಿವೆ, ಹಿಂದೆ ಸರಿದದ್ದು ನೋಟ ಮಾತ್ರ. ಇಲ್ಲಿ ಜೋರಿನ ಚಕ್ಕಡಿ ಭೂಮಿ. ಸೂರ್ಯನ ಸುತ್ತ ಅದರ ವೇಗ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್. ಹೊರಗಿನ ದಾರಿಯಲ್ಲಿರುವ ಮಂಗಳನದು 24, ಗುರುವಿನದು 13. ದೂರದ ಗುಡ್ಡವೆಂದರೆ ನಕ್ಷತ್ರಗಳು.

ಭೂಮಿ ಗುರುವನ್ನು ಹೀಗೆ ದಾಟುವುದು 399 ದಿನಗಳಿಗೊಮ್ಮೆ. ಪ್ರತಿ ಸಲವೂ ಗುರು ಸುಮಾರು ನಾಲ್ಕು ತಿಂಗಳು ಹಿಂದೆ ಸರಿಯುತ್ತದೆ. ಶನಿಗೆ ಇದು 378 ದಿನಗಳಿಗೊಮ್ಮೆ, ಸುಮಾರು ನಾಲ್ಕೂವರೆ ತಿಂಗಳು. ಮಂಗಳನಿಗೆ 780 ದಿನಗಳಿಗೊಮ್ಮೆ, ಎರಡರಿಂದ ಎರಡೂವರೆ ತಿಂಗಳು. ಬುಧ, ಶುಕ್ರ ಒಳಗಿನ ದಾರಿಯವು. ಅವು ಭೂಮಿಯನ್ನು ದಾಟುವಾಗ ವಕ್ರವಾಗಿ ಕಾಣುತ್ತವೆ.

ನಮ್ಮ ಜ್ಯೋತಿಷ್ಯ ಸಿದ್ಧಾಂತಕಾರರು ಈ ನಡೆಯನ್ನು ಬಹಳ ಸೂಕ್ಷ್ಮವಾಗಿ ಗಮನಿಸಿದ್ದರು. ಸೂರ್ಯಸಿದ್ಧಾಂತ ಗ್ರಹಗಳಿಗೆ ಎಂಟು ಗತಿಗಳನ್ನು ಹೇಳುತ್ತದೆ. ವಕ್ರ, ಅನುವಕ್ರ, ಕುಟಿಲ, ಮಂದ, ಮಂದತರ, ಸಮ, ಶೀಘ್ರ, ಶೀಘ್ರತರ ಎಂಬುವೇ ಅವು. ಭೂಮಿ ನಡುವಿನಲ್ಲಿದೆ ಎಂದು ಹಿಡಿದೇ ಅವರು ಲೆಕ್ಕ ಹಾಕಿದರು. ಆದರೂ ಮಂಗಳ, ಗುರು, ಶನಿಗಳ ವಕ್ರಗತಿ ಲೆಕ್ಕಕ್ಕೆ ಸಿಗಬೇಕಾದರೆ ಪ್ರತಿಯೊಂದರ ಗಣಿತದೊಳಗೂ ಸೂರ್ಯನ ಸ್ಥಾನವನ್ನು ಸೇರಿಸಬೇಕಾಗುತ್ತದೆ ಎಂಬುದನ್ನು ಕಂಡುಕೊಂಡಿದ್ದರು. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ಸಿದ್ಧಾಂತ ಶಿರೋಮಣಿಯ ಗ್ರಹಗಣಿತವೂ ಈ ಕ್ರಮದ್ದೇ. ಸೂರ್ಯನನ್ನೇ ನಡುವಿಗಿಟ್ಟು ವಕ್ರಗತಿ ಬರೀ ನೋಟದ ಭ್ರಮೆ ಎಂದು ಕೋಪರ್ನಿಕಸ್ ಪುಸ್ತಕ ಪ್ರಕಟಿಸಿದ್ದು 1543ರಲ್ಲಿ.

ಹಲಸಿಯ ಲೆಕ್ಕ

ಐದು ಗ್ರಹಗಳಲ್ಲಿ ಕಾಲ ಅಳೆಯಲು ಗುರುವನ್ನು ಆರಿಸಿಕೊಂಡದ್ದಕ್ಕೆ ಸರಳ ಕಾರಣವಿದೆ. ಗುರು ಆಕಾಶದ ಒಂದು ಸುತ್ತು ಮುಗಿಸಲು 11.86 ವರ್ಷ ಬೇಕು. ಅಂದರೆ ಹೆಚ್ಚುಕಡಿಮೆ ಹನ್ನೆರಡು ವರ್ಷ. ರಾಶಿಗಳೂ ಹನ್ನೆರಡು. ಹೀಗಾಗಿ ರಾಶಿಗೊಂದು ವರ್ಷ. ಮಗಳ ಮದುವೆಗೆ ಗುರುಬಲ ಬಂದಿದೆಯೇ ಎಂದು ಕೇಳುವ ಮನೆಯವರಿಗೆ ಈ ಲೆಕ್ಕ ಗೊತ್ತೇ ಇರುತ್ತದೆ.

ಕಿತ್ತೂರಿಗೆ ಬಹಳ ದೂರವಲ್ಲದ ಖಾನಾಪುರ ತಾಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ದೊರೆತವು. ಅವುಗಳಲ್ಲಿ ಐದನೆಯ ಶತಮಾನದ ಅರಸ ಮೃಗೇಶವರ್ಮನ ಒಂದು ಶಾಸನ ತನ್ನ ಕಾಲವನ್ನು ಅವನ ಆಳ್ವಿಕೆಯ ಎಂಟನೆಯ ವರ್ಷ, ವೈಶಾಖ ಸಂವತ್ಸರ, ಕಾರ್ತಿಕ ಹುಣ್ಣಿಮೆ ಎಂದು ಹೇಳುತ್ತದೆ. ಅದೇ ಅರಸನ ಮೂರನೆಯ ವರ್ಷದ ದೇವಗಿರಿಯ ಶಾಸನದಲ್ಲಿ ಪೌಷ ಸಂವತ್ಸರ ಎಂದಿದೆ. ಕಾರ್ತಿಕ ಮಾಸದಲ್ಲಿ ವೈಶಾಖವೆಂದರೇನು ಎಂದು ಓದುವವರಿಗೆ ಗೊಂದಲವಾಗಬಹುದು. ಇಲ್ಲಿ ವೈಶಾಖ, ಪೌಷ ಎಂಬುವು ಮಾಸದ ಹೆಸರಲ್ಲ, ಇಡೀ ವರ್ಷದ ಹೆಸರು.

ಆ ಹೆಸರು ಬರುತ್ತಿದ್ದ ರೀತಿ ಹೀಗೆ. ವರ್ಷಕ್ಕೊಮ್ಮೆ ಗುರು ಸೂರ್ಯನ ಹತ್ತಿರ ಸರಿದು, ಸುಮಾರು ಒಂದು ತಿಂಗಳು ಕಣ್ಣಿಗೆ ಕಾಣುವುದಿಲ್ಲ. ಇದೇ ಗುರು ಅಸ್ತ ಅಥವಾ ಗುರು ಮೌಢ್ಯ. ಮದುವೆ ಮುಂಜಿಗಳನ್ನು ಈಗಲೂ ಮುಂದೂಡುವ ಕಾಲ. ಆ ಬಳಿಕ ಒಂದು ಬೆಳಗಿನ ಜಾವ, ಸೂರ್ಯ ಮೂಡುವ ಮೊದಲು, ಗುರು ಮತ್ತೆ ಪೂರ್ವದಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಅದು ಯಾವ ನಕ್ಷತ್ರದಲ್ಲಿದೆಯೋ ಅದರಿಂದ ವರ್ಷದ ಹೆಸರು. ವಿಶಾಖ ಅಥವಾ ಅನುರಾಧದಲ್ಲಿ ಕಂಡರೆ ವೈಶಾಖ. ಪುನರ್ವಸು ಅಥವಾ ಪುಷ್ಯದಲ್ಲಿ ಕಂಡರೆ ಪೌಷ. ಹನ್ನೆರಡು ಮಾಸಗಳ ಹೆಸರುಗಳೇ ಹನ್ನೆರಡು ವರ್ಷಗಳಿಗೂ ಸಲ್ಲುತ್ತಿದ್ದವು.

ಈ ಪದ್ಧತಿಯ ಬೇರು ಆಕಾಶದಲ್ಲಿದೆ. ಗುರುವಿನ ಉದಯವೇ ಅದಕ್ಕೆ ಆಧಾರ. ಮುಂದೆ ಬಂದ ಪದ್ಧತಿಗಳಲ್ಲಿ ಈ ಸಂಬಂಧ ಒಂದೊಂದೇ ಹೆಜ್ಜೆ ಸಡಿಲವಾಗುತ್ತ ಹೋಯಿತು.

ಅರವತ್ತರ ಸುತ್ತು

ಪ್ರಭವ, ವಿಭವ, ಶುಕ್ಲ ಎಂದು ಆರಂಭವಾಗಿ ಅಕ್ಷಯದಲ್ಲಿ ಮುಗಿಯುವ ಅರವತ್ತು ಸಂವತ್ಸರಗಳು ಎರಡನೆಯ ಹೆಜ್ಜೆ. ಗುರುವಿನ ಐದು ಸುತ್ತು ಸೇರಿ ಅರವತ್ತು ವರ್ಷ. ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು ಕಣ್ಣಿಗೆ ಕಾಣುವ ಗುರುವನ್ನಲ್ಲ, ಗಣಿತದ ಮಧ್ಯಮ ಗುರುವನ್ನು.

ಹೀಗೆ ಮಾಡಲು ವಕ್ರಗತಿಯೇ ಕಾರಣವೆನ್ನಬೇಕು. ಕಾಣುವ ಗುರು ಒಂದು ರಾಶಿಯೊಳಗೆ ಕಾಲಿಟ್ಟು, ಹಿಂದೆ ಸರಿದು, ಮತ್ತೆ ಒಳಗೆ ಬರಬಹುದು. 2025ರಲ್ಲಿ ನಡೆದದ್ದು ಅದೇ. ಆ ವರ್ಷದ ಮೇ ತಿಂಗಳಲ್ಲಿ ಗುರು ಮಿಥುನಕ್ಕೆ ಬಂತು. ಅಕ್ಟೋಬರಿನಲ್ಲಿ ಕರ್ಕಾಟಕಕ್ಕೆ ದಾಟಿತು. ನವೆಂಬರಿನಲ್ಲಿ ವಕ್ರವಾಗಿ ಡಿಸೆಂಬರಿನಲ್ಲಿ ಮಿಥುನಕ್ಕೆ ಮರಳಿತು. ಇಂಥ ನಡೆಯ ಮೇಲೆ ವರ್ಷದ ಹೆಸರು ನಿಲ್ಲಿಸಿದರೆ ಹೆಸರೂ ಹಿಂದೆ ಮುಂದೆ ಹೋಗಬೇಕಾಗುತ್ತದೆ. ಆದ್ದರಿಂದ ಎಡವದೆ, ನಿಲ್ಲದೆ, ಒಂದೇ ವೇಗದಲ್ಲಿ ನಡೆಯುವ ಒಬ್ಬ ಗುರುವನ್ನು ಗಣಿತದಲ್ಲಿ ಕಲ್ಪಿಸಿಕೊಂಡು, ಅವನು ಒಂದು ರಾಶಿ ದಾಟುವ ಕಾಲವನ್ನು ಒಂದು ಸಂವತ್ಸರ ಎಂದರು. ವಿಜಯ ಸಂವತ್ಸರಕ್ಕೆ ಗುರು ಮೇಷದಲ್ಲಿ, ಜಯಕ್ಕೆ ವೃಷಭದಲ್ಲಿ, ಮನ್ಮಥಕ್ಕೆ ಮಿಥುನದಲ್ಲಿ. ಹೀಗೆ ಹೆಸರು ಕೇಳಿದರೆ ರಾಶಿ ಹೇಳಬಹುದಿತ್ತು.

ಆದರೆ ಇದರಲ್ಲಿ ಒಂದು ತೊಡಕು ಇತ್ತು. ಮಧ್ಯಮ ಗುರು ಒಂದು ರಾಶಿ ದಾಟಲು ಬೇಕಾದದ್ದು 361 ದಿನ ಮತ್ತು ಸ್ವಲ್ಪ. ನಮ್ಮ ವರ್ಷ 365 ದಿನ ಮತ್ತು ಕಾಲು. ವರ್ಷಕ್ಕೆ ನಾಲ್ಕು ದಿನಕ್ಕಿಂತ ತುಸು ಹೆಚ್ಚು ವ್ಯತ್ಯಾಸ. ಸೂರ್ಯಸಿದ್ಧಾಂತದ ಪ್ರಕಾರ 43,20,000 ವರ್ಷಗಳ ಮಹಾಯುಗದಲ್ಲಿ ಗುರು 3,64,220 ಸುತ್ತು ಹಾಕುತ್ತದೆ. ಇದನ್ನು ಭಾಗಿಸಿ ನೋಡಿದರೆ ಸುಮಾರು 85 ವರ್ಷಗಳಲ್ಲಿ ಗುರು 86 ರಾಶಿ ದಾಟಿರುತ್ತದೆ ಎಂದು ತಿಳಿಯುತ್ತದೆ. ಹೆಸರು ಗ್ರಹದ ಜೊತೆಗೇ ನಡೆಯಬೇಕಾದರೆ 85 ವರ್ಷಕ್ಕೊಮ್ಮೆ ಒಂದು ಹೆಸರನ್ನು ಬಿಟ್ಟು ಮುಂದಿನದಕ್ಕೆ ಜಿಗಿಯಬೇಕು. ಹೀಗೆ ಬಿಟ್ಟುಹೋದದ್ದು ಕ್ಷಯ ಸಂವತ್ಸರ.

ಕನ್ನಡ ನಾಡಿನಲ್ಲಿ ಒಂದು ಕಾಲಕ್ಕೆ ಹೀಗೆ ಜಿಗಿಯುತ್ತಿದ್ದರು ಎಂಬುದಕ್ಕೆ ಒಳ್ಳೆಯ ಪುರಾವೆ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕನ್ನಡ ತಾಮ್ರಪಟ. ಅದರ ಕಾಲ ಶಕ 726, ಅಂದರೆ ಕ್ರಿ.ಶ. 804. ಸಂವತ್ಸರ ಸುಭಾನು. ಈಗಿನ ನಮ್ಮ ಕ್ರಮದಲ್ಲಿ ಒಂದೂ ಬಿಡದೆ ಹಿಂದಕ್ಕೆ ಎಣಿಸಿದರೆ 804ಕ್ಕೆ ಬರಬೇಕಾದದ್ದು ಸುಭಾನುವಿನ ನಂತರದ ತಾರಣ. ಶಾಸನ ಬರೆದವರು ತಪ್ಪು ಮಾಡಲಿಲ್ಲ. ಆಮೇಲೆ ಎಲ್ಲೋ ಒಂದು ಹೆಸರು ಕ್ಷಯವಾಯಿತು, ಎಣಿಕೆ ಒಂದು ಮೆಟ್ಟಿಲು ಜಿಗಿಯಿತು. ಅವರು ಹೆಸರನ್ನು ಗುರುವಿನ ಜೊತೆಗೇ ನಡೆಸುತ್ತಿದ್ದರು.

ಸವದತ್ತಿಯ ಮೂರು ವರ್ಷಗಳು

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಾಷ್ಟ್ರಕೂಟರ ಸಾಮಂತರಾಗಿ, ಬಳಿಕ ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ರಟ್ಟರು ಇಲ್ಲಿಂದ ಆಳಿದರು. ಮುಂದೆ ಅವರ ರಾಜಧಾನಿ ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ ಹೋಯಿತು. ಇವರ ಶಾಸನಗಳನ್ನು ಮೊದಲು ಓದಿ ಪ್ರಕಟಿಸಿದವರಲ್ಲಿ ಮುಖ್ಯರು ಮುಂಬಯಿ ಸರಕಾರದ ಅಧಿಕಾರಿಯಾಗಿದ್ದ ಜಾನ್ ಫೇಯ್ತ್‌ಫುಲ್ ಫ್ಲೀಟ್. ಆ ಶಾಸನಗಳಲ್ಲಿ ಮೂರು ವರ್ಷಗಳು ಈ ಕಥೆಗೆ ಬೇಕಾದವು.

ಮೊದಲನೆಯದು ಶಕ 797, ಮನ್ಮಥ ಸಂವತ್ಸರ. ಕ್ರಿ.ಶ. 875-76. ರಟ್ಟ ಪೃಥ್ವೀರಾಮನ ಕಾಲದ ದಾನ. ಹಿಂದೆ ಹೇಳಿದಂತೆ ಮನ್ಮಥವೆಂದರೆ ಗುರು ಮಿಥುನದಲ್ಲಿರುವ ವರ್ಷ. ಈಗಿನ ಗಣಿತದಿಂದ ಹಿಂದಕ್ಕೆ ಲೆಕ್ಕ ಹಾಕಿ ನೋಡಿದರೆ 875ರಲ್ಲಿ ಮಧ್ಯಮ ಗುರು ಇದ್ದದ್ದು ಮಿಥುನದಲ್ಲೇ. ಹೆಸರು ಮತ್ತು ಗ್ರಹ ಎರಡೂ ಕೂಡಿಯೇ ಇದ್ದವು. ಶಾಸನ ಹೇಳುವ ಚಕ್ರವರ್ತಿ ಕೃಷ್ಣನ ಆಳ್ವಿಕೆಗೂ ಈ ವರ್ಷಕ್ಕೂ ಪೂರ್ತಿ ಹೊಂದಿಕೆಯಾಗುವುದಿಲ್ಲ ಎಂಬುದು ವಿದ್ವಾಂಸರ ಆಕ್ಷೇಪ. ಹಾಗಿದ್ದರೂ ಶಕ 797 ಮತ್ತು ಮನ್ಮಥ ಎಂಬ ಜೋಡಿಯಲ್ಲಿ ತಪ್ಪಿಲ್ಲ.

ಎರಡನೆಯದು ಶಕ 902, ವಿಕ್ರಮ ಸಂವತ್ಸರ. ಕ್ರಿ.ಶ. 980. ರಟ್ಟ ಶಾಂತಿವರ್ಮ ಸುಗಂಧವರ್ತಿಯ ಬಸದಿಗೆ ಭೂಮಿ ಬಿಟ್ಟ ಕಾಲ. ಈ ಎರಡು ಶಾಸನಗಳ ನಡುವಿನ 105 ವರ್ಷಗಳಲ್ಲಿ ಒಂದು ಬದಲಾವಣೆ ಆಗಿಹೋಗಿತ್ತು. ಶಕ 827ರ, ಅಂದರೆ ಕ್ರಿ.ಶ. 905ರ ಸುಮಾರಿಗೆ ಮತ್ತೊಂದು ಹೆಸರನ್ನು ಬಿಡುವ ಸರದಿ ಬಂದಿತ್ತು. ಉತ್ತರದವರು ಬಿಟ್ಟು ಮುಂದೆ ಜಿಗಿದರು. ದಕ್ಷಿಣದವರು ಬಿಡಲಿಲ್ಲ. ಅಲ್ಲಿಂದ ಮುಂದೆ ದಕ್ಷಿಣದಲ್ಲಿ ಕ್ಷಯ ಸಂವತ್ಸರವೇ ಇಲ್ಲ. ಚೈತ್ರ ಬಂದಾಗ ಮುಂದಿನ ಹೆಸರು, ಮತ್ತೊಂದು ಚೈತ್ರಕ್ಕೆ ಅದರ ಮುಂದಿನದು. ಇದು ಮೂರನೆಯ ಹೆಜ್ಜೆ. ಈಗ ಗುರುವಿನ ಉದಯವೂ ಬೇಡ, ಗಣಿತದ ಗುರುವೂ ಬೇಡ. ಬೆರಳೆಣಿಕೆ ಸಾಕು. ಶಾಂತಿವರ್ಮನ ವಿಕ್ರಮ ಸಂವತ್ಸರ ಈ ಹೊಸ ಎಣಿಕೆಯದು. ಗ್ರಹದಿಂದ ಅದು ಆಗಲೇ ಒಂದು ಮೆಟ್ಟಿಲು ಹಿಂದಿತ್ತು.

ಮೂರನೆಯದು ಶಕ 1151, ಸರ್ವಧಾರಿ ಸಂವತ್ಸರ, ಆಷಾಢ ಅಮಾವಾಸ್ಯೆ, ಸೋಮವಾರ. ಸೂರ್ಯ ಪೂರ್ತಿ ಮುಚ್ಚಿದ ಗ್ರಹಣದ ದಿನವೆಂದು ಶಾಸನ ಹೇಳುತ್ತದೆ. ಆಗ ಆಳುತ್ತಿದ್ದವನು ರಟ್ಟ ಇಮ್ಮಡಿ ಲಕ್ಷ್ಮೀದೇವ. ರಾಜಗುರು ಮುನಿಚಂದ್ರದೇವ. ಈ ತಿಥಿಯನ್ನು ಲೆಕ್ಕ ಹಾಕಿ ನೋಡಿದರೆ ಕ್ರಿ.ಶ. 1228ರ ಜುಲೈ 3 ಬರುತ್ತದೆ. ಅದು ಸೋಮವಾರವೇ. ಅಂದು ಅಮಾವಾಸ್ಯೆಯೂ ಹೌದು, ಮಧ್ಯಾಹ್ನಕ್ಕೆ ಮೊದಲೇ ಇಲ್ಲಿ ಸೂರ್ಯಗ್ರಹಣವೂ ಆಯಿತು. ಸುಮಾರು ಎಂಟು ನೂರು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೊರೆದ ವಾರ, ತಿಥಿ, ಗ್ರಹಣ ಮೂರೂ ಆಕಾಶಕ್ಕೆ ಸರಿಯಾಗಿ ಹೊಂದುತ್ತವೆ.

ಹೊಂದದೆ ಉಳಿದದ್ದು ಸಂವತ್ಸರದ ಹೆಸರೊಂದೇ. ಸರ್ವಧಾರಿ ಎಂದರೆ ಗುರು ವೃಶ್ಚಿಕದಲ್ಲಿರಬೇಕು. ಅಷ್ಟರಲ್ಲಿ ಹೆಸರಿಗೂ ಗ್ರಹಕ್ಕೂ ಸುಮಾರು ನಾಲ್ಕು ರಾಶಿಗಳ ಅಂತರ ಬಿದ್ದಿತ್ತು. ಮಧ್ಯಮ ಗುರು ಮೀನ ರಾಶಿಯನ್ನು ಮುಟ್ಟಿತ್ತು.

ಇದಕ್ಕೆ ಗಣಿತ ಬಾರದ ಕಾಲವೆಂದು ಹೇಳುವಂತಿಲ್ಲ. ಅದೇ ಹದಿಮೂರನೆಯ ಶತಮಾನದ ಆರಂಭದಲ್ಲಿ ಯಾದವ ಅರಸ ಸಿಂಘಣನ ಆಸ್ಥಾನದಲ್ಲಿ ಭಾಸ್ಕರಾಚಾರ್ಯರ ಮೊಮ್ಮಗ ಚಾಂಗದೇವ ಜ್ಯೋತಿಷಿಯಾಗಿದ್ದ. ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಖಾನದೇಶದ ಪಾಟಣದಲ್ಲಿ ಮಠ ಸ್ಥಾಪಿಸಿದ. ರಟ್ಟರನ್ನು ಮಣಿಸಿದ್ದೂ ಇದೇ ಸಿಂಘಣನ ದಂಡನಾಯಕ ವೀಚಣ. 1238ರ ಹೊತ್ತಿಗೆ ರಟ್ಟರ ಅಧಿಕಾರ ಮುಗಿದಿತ್ತು. ಗ್ರಹಣವನ್ನು ದಿನದ ಲೆಕ್ಕಕ್ಕೆ ಹಿಡಿಯಬಲ್ಲ ನಾಡಿಗೆ ಗುರುವಿನ ರಾಶಿ ತಿಳಿಯದೆ ಇರಲಿಲ್ಲ. ಪಂಚಾಂಗದ ಒಳಪುಟದಲ್ಲಿ ಗುರು ಸರಿಯಾದ ಜಾಗದಲ್ಲೇ ಇದ್ದ. ಮುಖಪುಟದ ಹೆಸರು ಮಾತ್ರ ಬೇರೆ ದಾರಿ ಹಿಡಿದಿತ್ತು.

ತಾರಣ, ಸರ್ವಧಾರಿ

ಹಾಗಾದರೆ ಆಕಾಶ ಬಿಟ್ಟ ಈ ಹೆಸರಿನಿಂದ ಆದ ಪ್ರಯೋಜನವೇನು? ಉತ್ತರಕ್ಕೆ ಕಿತ್ತೂರಿಗೆ ಮರಳಬೇಕು.

ಕಿತ್ತೂರಿನ ಕೋಟೆಯೆದುರು 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಆ ವರ್ಷ ತಾರಣ ಸಂವತ್ಸರ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರ ಫೆಬ್ರುವರಿ 2ರಂದು. ಯುಗಾದಿ ಇನ್ನೂ ಬಂದಿರಲಿಲ್ಲವಾದ್ದರಿಂದ ಅದು ಸರ್ವಧಾರಿ. ಸವದತ್ತಿಯ ಗ್ರಹಣದ ಶಾಸನದಲ್ಲಿರುವುದೂ ಅದೇ ಹೆಸರು. ನಡುವೆ ಸರಿಯಾಗಿ ಆರು ನೂರು ವರ್ಷ, ಹತ್ತು ಸುತ್ತು. ಎಲ್ಲೂ ಒಂದು ಹೆಸರೂ ಜಿಗಿದಿಲ್ಲ, ಉಳಿದಿಲ್ಲ.

ಎಣಿಕೆಯ ಬಲ ಇರುವುದು ಇಲ್ಲಿ. ಶಕವರ್ಷದ ಅಂಕಿ ಕಲ್ಲಿನಲ್ಲಿ ಸವೆದಿದ್ದರೆ, ಇಲ್ಲವೆ ಬರೆದವನು ಕಳೆದ ವರ್ಷವನ್ನು ನಡೆಯುವ ವರ್ಷವೆಂದು ಎಣಿಸಿದ್ದರೆ, ಸಂವತ್ಸರದ ಹೆಸರು ಅದನ್ನು ತಿದ್ದುತ್ತದೆ. ಗ್ರಹಣದ ಶಾಸನವನ್ನೇ ನೋಡಬಹುದು. ಶಕ 1151 ಎಂಬುದನ್ನು ಸಾಮಾನ್ಯ ಲೆಕ್ಕದಂತೆ ಹಿಡಿದರೆ 1229ಕ್ಕೆ ಹೋಗುತ್ತದೆ. ಸರ್ವಧಾರಿ ಎಂಬ ಹೆಸರು ಅದನ್ನು 1228ಕ್ಕೆ ಎಳೆದು ತರುತ್ತದೆ. ಸೋಮವಾರ ಮತ್ತು ಗ್ರಹಣ ಅದನ್ನೇ ಖಚಿತಪಡಿಸುತ್ತವೆ. ಕರ್ನಾಟಕದ ಸಾವಿರಾರು ಶಾಸನಗಳ ಕಾಲನಿರ್ಣಯಕ್ಕೆ ಈ ಹೆಸರುಗಳು ಆಸರೆಯಾಗಿವೆ. ಮನೆಯಲ್ಲಿ ಹಿರಿಯರ ಹುಟ್ಟಿದ ವರ್ಷವನ್ನು ಸಂವತ್ಸರದ ಹೆಸರಿನಿಂದ ನೆನಪಿಟ್ಟುಕೊಂಡಿದ್ದರೆ, ಇಂದೂ ಅದನ್ನು ಇಸವಿಗೆ ಇಳಿಸಬಹುದು. ನಡುನಡುವೆ ಹೆಸರು ಜಿಗಿಯುತ್ತಿದ್ದರೆ ಇದು ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ.

ಗ್ರಹವನ್ನೇ ಹಿಡಿದ ಹಳೆಯ ಪದ್ಧತಿಯೂ ವ್ಯರ್ಥವಾಗಲಿಲ್ಲ. ಸವದತ್ತಿಯ ಶಾಸನಗಳನ್ನು ಓದಿದ ಫ್ಲೀಟ್ ಮುಂದೆ ಗುಪ್ತ ಅರಸರ ಶಾಸನಗಳನ್ನು ಸಂಪಾದಿಸಿದರು. ಗುಪ್ತ ಶಕೆ ಎಂದಿನಿಂದ ಎಂಬ ಬಗ್ಗೆ ಆಗ ದೊಡ್ಡ ವಿವಾದವಿತ್ತು. ಮಧ್ಯಭಾರತದ ಪರಿವ್ರಾಜಕ ಅರಸರ ತಾಮ್ರಪಟಗಳಲ್ಲಿ ಗುಪ್ತ ವರ್ಷದ ಜೊತೆಗೆ ಹಲಸಿಯ ಶಾಸನದಲ್ಲಿರುವಂಥ ಹನ್ನೆರಡು ವರ್ಷದ ಸುತ್ತಿನ ಹೆಸರುಗಳಿದ್ದವು. ಜ್ಯೋತಿರ್ಗಣಿತದ ವಿದ್ವಾಂಸ ಶಂಕರ ಬಾಳಕೃಷ್ಣ ದೀಕ್ಷಿತರು ಆ ವರ್ಷಗಳಲ್ಲಿ ಗುರು ಯಾವ ನಕ್ಷತ್ರದಲ್ಲಿ ಉದಯಿಸಿತ್ತು ಎಂದು ಲೆಕ್ಕ ಹಾಕಿಕೊಟ್ಟರು. ಗುಪ್ತ ಶಕೆಯ ಆರಂಭ ಕ್ರಿ.ಶ. 319-20 ಎಂಬ ನಿರ್ಣಯಕ್ಕೆ ಅದು ಗಟ್ಟಿ ಆಧಾರವಾಯಿತು. ಫ್ಲೀಟರ ಸಂಪುಟ ಹೊರಬಂದದ್ದು 1888ರಲ್ಲಿ. ಎಣಿಕೆಯ ಹೆಸರು ಎಣಿಕೆಯನ್ನು ಕಾಯ್ದರೆ, ಗ್ರಹದ ಹೆಸರು ಆಕಾಶವನ್ನೇ ಸಾಕ್ಷಿಗೆ ಕರೆಯುತ್ತದೆ.

ಕಳೆದುಕೊಂಡದ್ದನ್ನೂ ಹೇಳಬೇಕು. ಹಲಸಿಯ ಕಾಲದಲ್ಲಿ ವರ್ಷದ ಹೆಸರು ತಿಳಿಯಲು ಬೆಳಗಿನ ಜಾವ ಎದ್ದು ಪೂರ್ವಕ್ಕೆ ನೋಡುವವರು ಬೇಕಿತ್ತು. 905ರ ನಂತರ ಅದರ ಅಗತ್ಯ ಬೀಳಲಿಲ್ಲ. ಸಂವತ್ಸರಕ್ಕೂ ಗುರುವಿಗೂ ಸಂಬಂಧವಿತ್ತು ಎಂಬುದೇ ಸಾಮಾನ್ಯರ ತಿಳಿವಳಿಕೆಯಿಂದ ಮರೆಯಾಯಿತು. ಉತ್ತರ ಭಾರತದ ಪಂಚಾಂಗಗಳಲ್ಲಿ ವರ್ಷಕ್ಕೆ ಬೇರೆಯೇ ಹೆಸರಿರುವುದನ್ನು ಕಂಡಾಗ, ಯಾರೋ ಒಬ್ಬರು ತಪ್ಪಿರಬೇಕು ಎನ್ನಿಸುವುದು ಇದರಿಂದಲೇ. ಇಬ್ಬರೂ ತಪ್ಪಿಲ್ಲ. ಅವರು ಗ್ರಹವನ್ನು ಹಿಡಿದರು, ಇವರು ಎಣಿಕೆಯನ್ನು ಹಿಡಿದರು.

2025ರ ಯುಗಾದಿಗೆ ನಮ್ಮಲ್ಲಿ ಆರಂಭವಾದದ್ದು ವಿಶ್ವಾವಸು. ಉತ್ತರದವರಿಗೆ ಅದು ಸಿದ್ಧಾರ್ಥಿ. ಎರಡಕ್ಕೂ ನಡುವೆ ಹದಿನಾಲ್ಕು ಮೆಟ್ಟಿಲು. ಹಳೆಯ ಕ್ರಮದಲ್ಲಿ ವಿಶ್ವಾವಸು ಎಂದರೆ ಗುರು ಮೇಷದಲ್ಲಿರಬೇಕು. ಆ ವರ್ಷ ಗುರು ಹೆಚ್ಚಿನ ಕಾಲ ಇದ್ದದ್ದು ಮಿಥುನದಲ್ಲಿ. ಸವದತ್ತಿಯ ಪೃಥ್ವೀರಾಮನ ಶಾಸನದ ವರ್ಷದಲ್ಲಿಯೂ ಗುರು ಇದ್ದದ್ದು ಅದೇ ರಾಶಿಯಲ್ಲಿ. ಅಂದಿನಿಂದ ಅದು ಆಕಾಶವನ್ನು 97 ಸಲ ಸುತ್ತಿ ಬಂದಿದೆ. ಅಂದು ಅದರ ವರ್ಷಕ್ಕೆ ಮನ್ಮಥನೆಂದು ಹೆಸರು. ಈಗ ಬೇರೆ ಹೆಸರು.

ಬರುವ ಬನದ ಹುಣ್ಣಿಮೆಗೂ ಎಲ್ಲಮ್ಮನ ಗುಡ್ಡಕ್ಕೆ ಜನ ಹೋಗುತ್ತಾರೆ. ದಾರಿಯಲ್ಲಿ ತಲೆ ಎತ್ತಿ, ಮಿನುಗದೆ ಬೆಳಗುವ ಚುಕ್ಕೆಯೊಂದನ್ನು ಹುಡುಕಿ, ಅದರ ಪಕ್ಕದ ನಕ್ಷತ್ರವನ್ನು ಗುರುತಿಟ್ಟುಕೊಂಡು, ಮುಂದಿನ ಭಾರತ ಹುಣ್ಣಿಮೆಗೆ ಮತ್ತೊಮ್ಮೆ ನೋಡಿದರೆ ಅದು ಮುಂದೆ ಹೋಗಿದೆಯೇ ಹಿಂದೆ ಸರಿದಿದೆಯೇ ಎಂಬುದು ಯಾರ ಕಣ್ಣಿಗೂ ತಿಳಿಯುತ್ತದೆ. ಕಿತ್ತೂರಿನ ಕಿಂಡಿ ಒಂದೇ ನಕ್ಷತ್ರವನ್ನು ತೋರಿಸುತ್ತದೆ. ಉಳಿದ ಆಕಾಶಕ್ಕೆ ಕಿಂಡಿ ಬೇಕಾಗಿಲ್ಲ.